ಐದನೆಯ ಹೆಸರು

ಈ ಸಂಗತಿ ಹೇಳುವುದಕ್ಕೆ ನನಗೇನೂ ಅಧಿಕಾರವಿಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಅರ್ಧ ಕಣ್ಣಾರೆ ಕಂಡದ್ದು, ಅರ್ಧ ಕಂಡವರ ಬಾಯಿಂದ ಕೇಳಿದ್ದು. ಇದರಲ್ಲಿ ಪೆಟ್ಟು ತಿಂದವನು ಒಳ್ಳೆಯವನು. ಒಳ್ಳೆಯವರ ಪಾಡು ನೋಡಿ ನಗುವುದು ಸರಿಯಲ್ಲ ಎಂದು ಗೊತ್ತಿದೆ. ಆದರೂ ನಗು ಬಂತು. ತಪ್ಪಿದ್ದರೆ ನನ್ನದು.

ಎಲ್ಲಕ್ಕೂ ಮೂಲ ಒಂದು ಸೂಚನಾ ಕಾಗದ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರ ಹಾಜರಿ ಪುಸ್ತಕದ ಮೇಲ್ಗಡೆ ಗೋಡೆಗೆ ಅದನ್ನು ಅಂಟಿಸಿದ್ದರು. ಸಿಗರೇಟು ಬಿಡಲು ಬಯಸುವ ನೌಕರರಿಗೆ ಹನ್ನೆರಡು ವಾರದ ಸಲಹೆ, ಔಷಧಿ, ಎಲ್ಲವೂ ಆರೋಗ್ಯ ವಿಮೆಯ ಖರ್ಚಿನಲ್ಲಿ. ಕನಿಷ್ಠ ಐದು ಜನ ಹೆಸರು ಕೊಟ್ಟರೆ ವಿಮೆಯ ನರ್ಸು ಕಾರ್ಖಾನೆಗೇ ಬರುತ್ತಾರೆ. ಉಸಿರಿನಲ್ಲಿ ಸಿಗರೇಟಿನ ಹೊಗೆ ಎಷ್ಟಿದೆ ಎಂದು ಅಳೆಯುವ ಊದುವ ಯಂತ್ರದಲ್ಲಿ ಹತ್ತು ಅಥವಾ ಹೆಚ್ಚು ಬಂದವರಿಗೆ ಮಾತ್ರ ಸವಲತ್ತು.

ಹೆಸರು ಕೊಟ್ಟವರಲ್ಲಿ ಮೊದಲನೆಯವನು ದೊಡ್ಡಣ್ಣ. ರಟ್ಟು ಮಡಿಸುವ ಮಡಿಕೆ ಯಂತ್ರದ ಮೇಸ್ತ್ರಿ. ಅವನ ಬಲಗಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ನಲವತ್ತು ಹೆಜ್ಜೆ ನಡೆದರೆ ಒಂದು ಸಲ ನಿಲ್ಲಬೇಕು. "ಸಿಗರೇಟು ಬಿಟ್ಟಿದ್ದೀನಿ ಅಂತ ಯಾರಿಂದಾದರೂ ಕಾಗದ ತಗೊಂಡು ಬಾ, ಆಮೇಲೆ ಆಪರೇಷನ್ ತಾರೀಕು ಕೊಡ್ತೀನಿ. ತಡ ಮಾಡಿದ್ರೆ ಕಾಲಿನ ಆಸೆ ಬಿಡು" ಎಂದು ಡಾಕ್ಟರು ಹೇಳಿದ್ದರು. ದೊಡ್ಡಣ್ಣ ಒಂಬತ್ತು ಸಲ ಬಿಟ್ಟಿದ್ದ, ಹತ್ತು ಸಲ ಹಿಡಿದಿದ್ದ. ಅವನ ಜೊತೆಗೆ ಕ್ಯಾಶಿಯರ್, ಲಾರಿ ಡ್ರೈವರ್, ಕತ್ತರಿ ಯಂತ್ರದವನು. ಐದನೆಯವನು ಕಾವಲುಗಾರ. ನರ್ಸು ಬರಬೇಕಾದ ದಿನವೇ ಬೆಳಿಗ್ಗೆ ಅವನು, "ಸತ್ತರೂ ನಾನು ಬಿಡೋನಲ್ಲ, ನನ್ನ ಹೆಸರು ಹೊಡೆದುಹಾಕಿ" ಎಂದು ಗೇಟಿನಲ್ಲೇ ಹೇಳಿ, ಹೊಗೆ ಬಿಟ್ಟು ಹೋದ.

ನಾಲ್ವರೂ ಅಂಟಿನ ಮೇಜಿನ ಕಡೆ ನೋಡಿದರು. ಅಲ್ಲಿ 'ಆಗಲಿ' ಕೆಲಸ ಮಾಡುತ್ತಿದ್ದ.

ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ. ಯಾರು ಏನು ಕೇಳಿದರೂ "ಆಗಲಿ" ಎನ್ನುತ್ತಿದ್ದುದರಿಂದ ಇದೇ ನಿಂತಿತ್ತು. ವಯಸ್ಸು ನಲವತ್ತರ ಹತ್ತಿರ, ಅಷ್ಟೂ ವರ್ಷದಲ್ಲಿ ಒಂದು ಸಿಗರೇಟನ್ನೂ ಮುಟ್ಟಿದವನಲ್ಲ. ಹೆಣ್ಣು ಕೊಡುವಾಗ ಅವನ ಅತ್ತೆ, "ರೂಪ ಅಷ್ಟಕ್ಕಷ್ಟೆ, ಸಂಬಳ ಅಷ್ಟಕ್ಕಷ್ಟೆ, ಆದ್ರೆ ಒಂದೇ ಒಂದು ಚಟ ಇಲ್ಲ" ಎಂದಿದ್ದರಂತೆ. ಆ ಸಂಸಾರ ನಿಂತಿದ್ದೇ ಆ ಮೂರನೆಯ ಮಾತಿನ ಮೇಲೆ.

"ಏನಯ್ಯಾ ಆಗ್ಲಿ, ಸಿಗರೇಟು ಸೇದ್ತೀಯಾ?" ಎಂದು ಕ್ಯಾಶಿಯರ್ ಕೇಳಿದ.

"ಇಲ್ಲ ಸಾರ್."

"ಇವತ್ತು ಸೇದ್ತೀಯಾ?"

"ಅದು... ನಮ್ಮನೇಲಿ..."

"ದೊಡ್ಡಣ್ಣನ ಕಾಲು ನೋಡು."

ಆಗಲಿ ನೋಡಿದ. ಮಡಿಕೆ ಯಂತ್ರಕ್ಕೆ ಸಿಕ್ಕಿಬೀಳಲಿದ್ದ ಇವನ ಬೆರಳನ್ನು ಹಿಂದೊಮ್ಮೆ ಎಳೆದು ಉಳಿಸಿದವನು ಆ ಕಾಲಿನ ಒಡೆಯ.

"ಬೇಡ್ರಪ್ಪ, ಅವನ ಪಾಡಿಗೆ ಅವನನ್ನ ಬಿಡಿ," ಎಂದ ದೊಡ್ಡಣ್ಣ. "ಹೋದ್ರೆ ಒಂದು ಕಾಲು ತಾನೆ, ಇನ್ನೊಂದಿದೆ."

ಇಷ್ಟು ಕೇಳಿದ ಮೇಲೆ ಎಂಥವನಾದರೂ ಏನು ಹೇಳಿಯಾನು?

"ಆಗಲಿ," ಎಂದ.

ಬರಿಯ ಹೆಸರು ಕೊಟ್ಟರೆ ಸಾಲದು ಎಂದು ಕ್ಯಾಶಿಯರ್ ತೀರ್ಮಾನಿಸಿದ. "ನಾಲ್ಕು ಗಂಟೆಗೆ ಊದುವಾಗ ಇವನೊಬ್ಬ ಸೇದದವನು ಅಂತ ಮಿಷಿನ್ ಹೇಳಿದ್ರೆ ನಮ್ಮೆಲ್ಲರ ಮಾನ ಹೋಗುತ್ತೆ. ಕಾರ್ಖಾನೆಯವರು ಮೋಸ ಮಾಡಿದ್ರು ಅಂತಾರೆ. ಇವನು ಹತ್ತು ದಾಟಲೇಬೇಕು."

ಹಿತ್ತಲ ನೀರಿನ ಡ್ರಮ್ಮಿನ ಬಳಿ ಪಾಠ ಶುರುವಾಯಿತು. ರಟ್ಟಿನ ಕಾರ್ಖಾನೆಯಲ್ಲಿ ಬೆಂಕಿ ಕಡ್ಡಿ ಗೀರಲು ಅಪ್ಪಣೆ ಇದ್ದದ್ದು ಅದೊಂದೇ ಜಾಗದಲ್ಲಿ. ಮೊದಲ ದಮ್ಮಿಗೆ ಆಗಲಿಯ ಗಂಟಲಿಂದ ತುಕ್ಕು ಹಿಡಿದ ಶಟರ್ ಎಳೆದಂಥ ಸದ್ದು ಬಂತು. ಎರಡನೆಯದಕ್ಕೆ ಕಣ್ಣಲ್ಲಿ ನೀರು. ಮೂರನೆಯದಕ್ಕೆ ಡ್ರಮ್ಮನ್ನು ತಬ್ಬಿಕೊಂಡ.

"ಬಾಯಲ್ಲಿ ಇಟ್ಕೊಂಡು ಮುಕ್ಕಳಿಸ್ತೀಯಲ್ಲಯ್ಯಾ, ಒಳಗೆ ಎಳ್ಕೋ," ಎಂದ ಡ್ರೈವರ್. "ಮಿಷಿನ್ನು ಹಲ್ಲು ನೋಡಲ್ಲ, ಎದೆಗೂಡು ನೋಡುತ್ತೆ."

"ನೀವೂ ಒಂದು ಹಚ್ಚಿ. ಒಬ್ಬನೇ ಸೇದೋಕೆ ನಾಚಿಕೆ ಆಗುತ್ತೆ."

"ನಂದು ಈಗ ತಾನೆ ಆಯ್ತು," ಎಂದ ಡ್ರೈವರ್.

"ನಂದೂ," ಎಂದ ಕತ್ತರಿ ಯಂತ್ರದವನು.

ಕ್ಯಾಶಿಯರ್ ಪೆನ್ನಿನ ಮುಚ್ಚಳ ಕಚ್ಚಿದ. ದೊಡ್ಡಣ್ಣ ಬೆಂಕಿಪೊಟ್ಟಣವನ್ನು ಕೈಯಿಂದ ಕೈಗೆ ಎಸೆಯುತ್ತ ಆಗಲಿ ಬಿಟ್ಟ ಹೊಗೆಯ ಕಡೆಗೇ ಮುಖ ಮಾಡಿ ನಿಂತಿದ್ದ.

ಆ ದಿನ ಯಾರೂ ಒಂದು ಕಡೆ ನಿಲ್ಲಲಿಲ್ಲ. ಡ್ರೈವರ್ ಲಾರಿಯ ಒಂದೇ ಟೈರನ್ನು ಏಳು ಸಲ ಒದ್ದು ನೋಡಿದ. ಕತ್ತರಿ ಯಂತ್ರದವನು ಚೆನ್ನಾಗಿದ್ದ ಅಲಗನ್ನು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಕ್ಯಾಶಿಯರ್ ಕಿಟಕಿಗೂ ಕುರ್ಚಿಗೂ ನಡುವೆ ನೆಲ ಸವೆಸಿದ. ಎಲ್ಲರೂ ತನ್ನ ಪರೀಕ್ಷೆಯ ಚಿಂತೆಯಲ್ಲಿದ್ದಾರೆ ಎಂದುಕೊಂಡ ಆಗಲಿಗೆ ಎದೆ ತುಂಬಿ ಬಂತು. ಗಂಟೆಗೊಮ್ಮೆ ತಾನಾಗಿಯೇ ಡ್ರಮ್ಮಿಗೆ ಹೋದ. ತಲೆ ಬುಗುರಿಯಂತೆ ತಿರುಗುತ್ತಿತ್ತು, ಕೈ ನಡುಗುತ್ತಿತ್ತು. ಆ ಕೈಯಲ್ಲೇ ಅಂಟು ಹಚ್ಚಿದ.

ಹನ್ನೆರಡೂವರೆಗೆ ಮ್ಯಾನೇಜರ್ ಬಂದು ಒಂದು ಪೆಟ್ಟಿಗೆ ಎತ್ತಿ ನೋಡಿದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಅಲ್ಲಾಡಿಸಿದರು. ಆರೂ ಕಡೆ ಅಂಟಿಕೊಂಡಿತ್ತು. ಅಂಥವು ನಲವತ್ತು.

"ಇದರೊಳಗೆ ಏನು ತುಂಬೋದಯ್ಯಾ? ಗಾಳಿನಾ?"

"ಗಾಳಿ ಆಗಲೇ ಇದೆ ಸಾರ್," ಎಂದ ಆಗಲಿ. ಅವನು ಕುಹಕವಾಡುವವನಲ್ಲ, ಇದ್ದದ್ದು ಹೇಳಿದ ಅಷ್ಟೆ. ಮ್ಯಾನೇಜರು ಹಾಗೆ ತಿಳಿಯಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ನಲವತ್ತನ್ನೂ ಬಿಡಿಸಿ ಹೋಗಬೇಕು ಎಂದರು. ಮೂಗು ಅರಳಿಸಿ, "ಹಿತ್ತಲಲ್ಲಿ ಇವತ್ತು ಏನು ಇಷ್ಟು ಹೊಗೆ?" ಎಂದೂ ಕೇಳಿದರು.

ಹೀಗಾಗಿ ಊಟದ ಹೊತ್ತಿಗೆ ಪಾಠಶಾಲೆ ಕಾಂಪೌಂಡಿನ ಹೊರಗೆ, ರಸ್ತೆ ಬದಿಗೆ ಬಂತು. ಹೊಗೆಯನ್ನು ಒಳಗೆಳೆದು ಮನಸ್ಸಿನಲ್ಲೇ ಇಪ್ಪತ್ತು ಎಣಿಸಬೇಕು ಎಂಬುದು ಕ್ಯಾಶಿಯರನ ಹೊಸ ವಿಧಾನ. ಆಗಲಿ ಹನ್ನೊಂದಕ್ಕೆ ಬಂದಿದ್ದಾಗ ಎದುರಿಗೆ ಬಂದು ನಿಂತವಳು ಮಹಡಿ ಮನೆಯ ಅಕ್ಕ. ಇವನ ಮನೆಯ ಮೇಲಿನ ಮನೆಯವಳು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ಮೊದಲು ಗೊತ್ತಾಗುತ್ತಿತ್ತು.

"ಏನಪ್ಪಾ, ಇದು ಯಾವಾಗಿಂದ?"

ಆಗಲಿ ಬಾಯಿ ಬಿಗಿಹಿಡಿದು 'ಇಲ್ಲ' ಎಂದು ತಲೆಯಾಡಿಸಿದ. ಹದಿಮೂರು, ಹದಿನಾಲ್ಕು.

"ಇಲ್ಲ ಅಂದ್ರೆ? ಕೈಯಲ್ಲಿರೋದೇನು, ಊದುಬತ್ತೀನಾ?"

ಉತ್ತರ ಮೂಗಿನ ಎರಡೂ ಹೊಳ್ಳೆಗಳಿಂದ ಬಂತು. ಅಕ್ಕ ಚೀಲ ಎದೆಗವಚಿಕೊಂಡು ಹಿಂದೆ ಸರಿದು, ಅಲ್ಲಿಂದಲೇ ಫೋನು ತೆಗೆದಳು.

ಐದು ನಿಮಿಷಕ್ಕೆ ಆಗಲಿಯ ಫೋನು ಹೊಡೆದುಕೊಂಡಿತು.

"ರೀ, ಮಹಡಿ ಅಕ್ಕ ಹೇಳಿದ್ದು ನಿಜಾನಾ?" ಹೆಂಡತಿಯ ದನಿ ಮೆತ್ತಗಿತ್ತು. ಮೆತ್ತಗಿದ್ದಾಗಲೇ ಹೆದರಬೇಕು ಎಂದು ಅವನಿಗೆ ಗೊತ್ತಿತ್ತು.

"ಅದು ವಿಮೆಗೆ ಕಣೇ. ನಾಲ್ಕು ಗಂಟೆಗೆ ನರ್ಸು ಬಂದು ಸೇದೋದನ್ನ ಬಿಡಿಸ್ತಾರೆ."

"ನೀವು ಸೇದೋದೇ ಇಲ್ವಲ್ಲ, ಬಿಡಿಸೋದೇನು?"

"ಅದೇ ಮತ್ತೆ, ಅದಕ್ಕೇ ಸೇದ್ತಾ ಇದೀನಿ."



"ನಾಲ್ಕು ಗಂಟೆಗೆ ನಾನೂ ಅಲ್ಲಿಗೆ ಬರ್ತೀನಿ."

"ಆಗಲಿ."

ನರ್ಸು ಹೊತ್ತಿಗೆ ಸರಿಯಾಗಿ ಬಂದರು. ಊಟದ ಕೋಣೆಯ ಮೇಜಿನ ಮೇಲೆ ಅಂಗೈಯಗಲದ ಯಂತ್ರ ಇಟ್ಟು, ಅದಕ್ಕೆ ಬಿಳಿಯ ಕಾಗದದ ಕೊಳವೆ ಸಿಕ್ಕಿಸಿದರು. ಬಾಗಿಲಲ್ಲಿ ಆಗಲಿಯ ಹೆಂಡತಿ, ಅವಳ ಹೆಗಲ ಹಿಂದೆ ಮಹಡಿ ಅಕ್ಕ. ಆಗಲಿಗೆ ಹೆಂಡತಿಯ ಮುಖ ನೋಡಲು ಧೈರ್ಯ ಬರಲಿಲ್ಲ, ದೊಡ್ಡಣ್ಣನ ಕಾಲು ನೋಡಿದ.

ಮೊದಲು ಕ್ಯಾಶಿಯರ್ ಊದಿದ. ಯಂತ್ರ ಹಸಿರು ದೀಪ ತೋರಿಸಿತು. "ನಾಲ್ಕು," ಎಂದರು ನರ್ಸು. ಡ್ರೈವರ್ ಊದಿದ. ಐದು. ಕತ್ತರಿ ಯಂತ್ರದವನದು ಮೂರು. ದೊಡ್ಡಣ್ಣ ಕಣ್ಣು ಮುಚ್ಚಿ ಊದಿದ, ಆರು. ನರ್ಸು ಯಂತ್ರವನ್ನು ತಟ್ಟಿ ನೋಡಿದರು.

ಆಗಲಿ ಊದಿದ. ಕೆಂಪು ದೀಪ ಹತ್ತಿ ಯಂತ್ರ ಕೀ ಎಂದು ಕೂಗಿತು.

"ಹದಿನೈದು. ಸದ್ಯ, ಒಬ್ಬರಾದ್ರೂ ಸೇದೋರು ಸಿಕ್ಕಿದ್ರಿ," ಎಂದರು ನರ್ಸು.

"ಮೇಡಂ, ಮಿಷಿನ್ ಕೆಟ್ಟಿದೆ," ಎಂದ ಡ್ರೈವರ್. "ನಾನು ದಿನಕ್ಕೆ ಎರಡು ಪ್ಯಾಕು ಸೇದೋನು."

"ಕೊನೇ ಸಲ ಸೇದಿದ್ದು ಯಾವಾಗ?"

ಡ್ರೈವರ್ ನೆಲ ನೋಡಿದ. "ನಿನ್ನೆ ಸಂಜೆ."

"ನೀವು?"

"ನಾನೂ ನಿನ್ನೇನೇ," ಎಂದ ಕತ್ತರಿ ಯಂತ್ರದವನು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಬಿಟ್ಟದ್ದನ್ನು ಯಾರೂ ಇನ್ನೊಬ್ಬರಿಗೆ ಹೇಳಿರಲಿಲ್ಲ.

"ಯಾಕೆ ಬಿಟ್ರಿ?"

"ನೀವು ಬರ್ತೀರಿ ಅಂತ," ಎಂದ ಕ್ಯಾಶಿಯರ್ ಮೆಲ್ಲಗೆ. "ಹಲ್ಲಿನ ಡಾಕ್ಟರ ಹತ್ರ ಹೋಗುವಾಗ ಹಲ್ಲುಜ್ಜಿಕೊಂಡು ಹೋಗಲ್ವಾ ಮೇಡಂ? ಹಾಗೆ. ನಾರೋ ಬಾಯಲ್ಲಿ ನಿಮ್ಮ ಮುಂದೆ ಹೇಗೆ ಕೂರೋದು?"

ನರ್ಸಿಗೆ ನಗು ತಡೆಯಲಾಗಲಿಲ್ಲ. "ಹತ್ತಕ್ಕಿಂತ ಕಮ್ಮಿ ಬಂದೋರಿಗೆ ವಿಮೆ ಕೊಡಲ್ಲ. ಮತ್ತೆ ಆರು ತಿಂಗಳಿಗೇ ನಾನು ಬರೋದು."

"ಹಾಗಾದ್ರೆ ನನ್ನ ಜಾಗ ದೊಡ್ಡಣ್ಣನಿಗೆ ಕೊಡಿ ಮೇಡಂ," ಎಂದ ಆಗಲಿ. "ನಾನು ಸೇದೋನೇ ಅಲ್ಲ. ಐದನೇ ಹೆಸರಿಗೆ ಅಂತ ಇವತ್ತೊಂದು ದಿನ ಸೇದಿದೆ."

"ಉಸಿರನ್ನ ಇನ್ನೊಬ್ಬರ ಹೆಸರಿಗೆ ಬರೆಯೋಕೆ ಬರಲ್ಲಪ್ಪ. ಅಲ್ಲ, ಐದು ಹೆಸರು ಇದ್ರೆ ಸಾಕಿತ್ತು, ಐವರೂ ಸೇದಬೇಕು ಅಂತ ಎಲ್ಲಿ ಬರೆದಿತ್ತು?"

ಎಲ್ಲರೂ ಕ್ಯಾಶಿಯರನ ಕಡೆ ತಿರುಗಿದರು. ಕ್ಯಾಶಿಯರ್ ಗೋಡೆಯ ಕಡೆ ತಿರುಗಿದ.

ನರ್ಸು ಐವರಿಗೂ ಒಂದೊಂದು ಚೀಟಿ ಬರೆದು ಮೊಹರು ಒತ್ತಿ ಕೊಟ್ಟರು. ದೊಡ್ಡಣ್ಣ ತನ್ನದನ್ನು ದೂರ ಹಿಡಿದು ಓದಿದ: 'ಪರೀಕ್ಷೆಯಲ್ಲಿ ಇವರು ಧೂಮಪಾನಿಯಲ್ಲ ಎಂದು ಕಂಡುಬಂದಿದೆ.' ಇನ್ನೊಂದು ಸಲ ಓದಿದ. ಡಾಕ್ಟರು ಕೇಳಿದ್ದ ಕಾಗದವೇ ಅದು.

"ಅಮ್ಮಾ, ಇದು ಸುಳ್ಳಲ್ವಾ?"

"ಇವತ್ತಿನ ಮಟ್ಟಿಗೆ ನಿಜ. ನಾಳೆಯದು ನಿಮ್ಮ ಕೈಲಿದೆ."

ದೊಡ್ಡಣ್ಣ ಚೀಟಿಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಕಡೆ ಕುಂಟುತ್ತ ಹೋದ. "ತಾಯೀ, ನಿನ್ನ ಗಂಡನ್ನ ಏನೂ ಅನ್ಬೇಡ. ಅವನು ಸೇದಿದ್ದು ನಮಗೋಸ್ಕರ."

"ಕುಡಿಯೋರೂ ಸ್ನೇಹಿತರಿಗೋಸ್ಕರಾನೇ ಅಣ್ಣಾ ಕುಡಿಯೋದು," ಎಂದಳು ಅವಳು. "ನಿಮ್ಮ ಕಾಗದದಲ್ಲಿ ಸೇದಲ್ಲ ಅಂತ ಮೊಹರು ಬಿದ್ದಿದೆ, ಇವರದ್ದರಲ್ಲಿ ಸೇದ್ತಾರೆ ಅಂತ. ನಾನು ಯಾವುದನ್ನ ನಂಬಲಿ?"

ದೊಡ್ಡಣ್ಣ ಲೆಕ್ಕ ಹಾಕಿದ. ತನ್ನ ಚೀಟಿ ಸುಳ್ಳು ಎಂದರೆ ಕಾಲು ಹೋಗುತ್ತದೆ, ನಿಜ ಎಂದರೆ ಆಗಲಿಯ ಮಾನ ಹೋಗುತ್ತದೆ. ಅವನು ಚೀಟಿಯನ್ನು ಜೇಬಿಗಿಟ್ಟುಕೊಂಡ. ನಾನು ಅವನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ, ಹೇಳಲಾರೆ.

ನರ್ಸು ಆಗಲಿಯ ಅರ್ಜಿ ತುಂಬಿದರು. ಹನ್ನೆರಡು ವಾರ ಅವನ ಮೇಲೆ ಕಣ್ಣಿಟ್ಟು ವರದಿ ಒಪ್ಪಿಸಲು ಮನೆಯವರೊಬ್ಬರ ಸಹಿ ಬೇಕಿತ್ತು. ಹೆಂಡತಿ ಹಾಕಿದಳು. ಅಷ್ಟೇ ಸಾಕಿತ್ತು. ಆದರೆ ಮಹಡಿ ಅಕ್ಕ, "ಅವಳು ಮಲಗಿದ್ದಾಗ ಯಾರು ನೋಡ್ತಾರೆ?" ಎಂದು ಪೆನ್ನು ಕಿತ್ತುಕೊಂಡು ಕೆಳಗೆ ತನ್ನದನ್ನೂ ಹಾಕಿದಳು. ಅವಳ ಮುಖ ಸರ್ಕಾರಿ ಕೆಲಸ ಸಿಕ್ಕವರ ಮುಖದಂತಿತ್ತು.

"ಪ್ರತಿ ವಾರ ಫೋನ್ ಮಾಡ್ತೀನಿ. ಬಿಡೋಕೆ ಮನಸ್ಸಿದೆ ತಾನೆ?" ಎಂದು ನರ್ಸು ಆಗಲಿಯನ್ನು ಕೇಳಿದರು.

ಅವನು ನಲವತ್ತು ಪೆಟ್ಟಿಗೆ ಬಿಡಿಸುವುದಿತ್ತು, ತಲೆ ಸಿಡಿಯುತ್ತಿತ್ತು. "ಆಗಲಿ," ಎಂದ.

ದೊಡ್ಡಣ್ಣನಿಗೆ ಡಾಕ್ಟರು ಆರು ವಾರದ ನಂತರದ ತಾರೀಕು ಕೊಟ್ಟರು. "ಮೊಹರು ಬಿದ್ದ ಮೇಲೆ ಸುಳ್ಳು ಮಾಡೋಕಾಗುತ್ತಾ?" ಎನ್ನುತ್ತ ಅವನು ಕಡಲೆಬೀಜ ಅಗಿಯುತ್ತ ಓಡಾಡುತ್ತಿದ್ದಾನೆ. ಉಳಿದ ಮೂವರೂ ನಾಚಿಕೆಗೋ ಏನೋ, ಅವನ ಮುಂದೆ ಕಡ್ಡಿ ಗೀರುವುದಿಲ್ಲ. ಬೇರೆಲ್ಲಾದರೂ ಗೀರುತ್ತಾರೋ, ನಾನು ನೋಡಿಲ್ಲ.

ಆದರೆ ಮರುದಿನದಿಂದ, ಹತ್ತು ಗಂಟೆಯಾದರೆ ಅಂಟಿನ ಮೇಜಿನವನು ಎದ್ದು ಹಿತ್ತಲಿಗೆ ಹೋಗುತ್ತಾನೆ, ಐದು ನಿಮಿಷ ಬಿಟ್ಟು ಬರುತ್ತಾನೆ, ಬಂದ ಮೇಲೆ ಅವನ ಕೈ ನಡುಗುವುದಿಲ್ಲ ಎಂದು ಮಾತು. ಬರಿಯ ಗಾಳಿಗೆ ಹೋಗುತ್ತಾನೆಯೇ, ಇನ್ನೇನಕ್ಕಾದರೂ ಹೋಗುತ್ತಾನೆಯೇ ಎಂದು ಕೇಳಬೇಕೆಂದು ನಾನು ಎರಡು ಸಲ ಹತ್ತಿರ ಹೋದೆ. ಎರಡು ಸಲವೂ ಹೊತ್ತೆಷ್ಟಾಯಿತು ಎಂದು ಕೇಳಿ ವಾಪಸು ಬಂದೆ. ಹಾಗಾಗಿ ಅದು ನನಗೆ ಗೊತ್ತಿಲ್ಲ.