ಊಟಿ ಸೇರಿದ ಕೋಟು

ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಬಚ್ಚಪ್ಪನಿಗೆ ಊಟಿಯ ಭಯ ಹತ್ತಿದ್ದು ಪಕ್ಕದ ಮನೆ ಕೋದಂಡಪ್ಪನ ಲೆಕ್ಕದಿಂದ.

"ನೀನು ಕೆಲ್ಸ ಮಾಡೋದು ಎಂಟು ಸಾವ್ರ ಅಡಿ ಕೆಳ್ಗೆ. ಊಟಿ ಇರೋದು ಏಳು ಸಾವ್ರ ಅಡಿ ಮೇಲೆ. ಒಟ್ಟು ಅದಿನೈದು ಸಾವ್ರ ಕಣ್ಲಾ ಬಚ್ಚ! ಎದೆ ತಡೀತದಾ?"

ಹಿಂದೊಮ್ಮೆ ಗಣಿಯ ಇಂಗ್ಲಿಷ್ ದೊರೆಯ ಅಡುಗೆಯವನಾಗಿ ಊಟಿ ನೋಡಿ ಬಂದಿದ್ದ ಕೋದಂಡಪ್ಪನ ಮಾತಿಗೆ ಗಣಿ ಕೆಲಸಗಾರರ ಮನೆಗಳ ಇಡೀ ಲೈನಿನಲ್ಲಿ ತೂಕವಿತ್ತು. ಆದರೆ ಬಚ್ಚಪ್ಪ ಹತ್ತು ವರ್ಷದಿಂದ ಹೆಂಡತಿ ಕದಿರಮ್ಮನಿಗೆ ಊಟಿಯ ಕೆರೆ ತೋರಿಸುತ್ತೇನೆಂದು ಹೇಳಿ ಹೇಳಿ, ಕಡೆಗೂ ರಜೆ ಪಡೆದಿದ್ದ. ಹಿಂದೆ ಸರಿಯುವ ಹಾಗಿರಲಿಲ್ಲ. ಕೋದಂಡಪ್ಪನನ್ನೇ ಜೊತೆಗೆ ಹೊರಡಿಸಿದ. ಅವನ ಅಪ್ಪಣೆಯಂತೆ ಹಿಂದಿನ ದಿನದಿಂದ ಉಪವಾಸ, ಕಿವಿಗೆ ಹತ್ತಿ, ಕತ್ತಿಗೆ ಮಫ್ಲರು, ಮೈಗೆ ಕಂಬಳಿಯಷ್ಟು ದಪ್ಪದ ಕೋಟು.

ಬೆಟ್ಟದ ರೈಲು ಹಿಡಿಯಲು ಬೆಳಿಗ್ಗೆ ಮೆಟ್ಟುಪಾಳ್ಯದಲ್ಲಿ ಇಳಿದರು. ನಾಲ್ಕು ಹೆಜ್ಜೆ ಇಟ್ಟದ್ದೇ ಬಚ್ಚಪ್ಪನಿಗೆ ಕಣ್ಣು ಕತ್ತಲೆ ಬಂತು. ಬೆವರಿನಲ್ಲಿ ತೊಯ್ದು ಪ್ಲಾಟ್‌ಫಾರಮ್ಮಿನ ಮೇಲೆ ಕುಸಿದ.

"ಬೆಟ್ಟ ಇಡ್ಕೊಂಡ್ಬುಡ್ತು!" ಕೋದಂಡಪ್ಪ ಕೂಗಿದ. "ಕಾಲು ಮೇಲಕ್ಕೆತ್ರಿ!"

ಕಾಲನ್ನು ಹಾಸಿಗೆ ಸುರುಳಿಯ ಮೇಲಿಟ್ಟರು. ಯಾರೋ ಪೇಪರಿನಲ್ಲಿ ಗಾಳಿ ಬೀಸಿದರು, ಇನ್ಯಾರೋ ಮೂಗಿಗೆ ಈರುಳ್ಳಿ ಹಿಡಿದರು.

"ಊರಿಗೆ, ಬಂಗಾರಪೇಟೆಗೆ ವಾಪಸ್ ಓದ್ರೇನೇ ಜೀವ ಉಳಿಯೋದು," ಎಂದ ಕೋದಂಡಪ್ಪ.

ಕದಿರಮ್ಮನಿಗೆ ಅಳುವೇ ಬಂತು. ಸೆರಗಿನಿಂದ ಕಣ್ಣೊರೆಸಿ ತಲೆಯೆತ್ತಿದರೆ ಎದುರಿಗೆ ಸ್ಟೇಷನ್ನಿನ ಬೋರ್ಡು. ಅಂಕಿ ಓದಲು ಅವಳಿಗೆ ಬರುತ್ತಿತ್ತು.

"ಕೋದಂಡಣ್ಣ, ಇಲ್ಲಿ ಸಮುದ್ರದಿಂದ ಸಾವ್ರದ ಚಿಲ್ರೆ ಅಡಿ ಅಂತ ಬರ್ದವ್ರೆ. ನಮ್ ಬಂಗಾರಪೇಟೆ ಬೋರ್ಡಲ್ಲಿ ಎರಡು ಸಾವ್ರದ ಏಳ್ನೂರು ಚಿಲ್ರೆ ಐತೆ. ನಾವಿನ್ನೂ ಬೆಟ್ಟ ಅತ್ತೇ ಇಲ್ಲ, ಊರಿಗಿಂತ ಕೆಳೀಕೆ ಬಂದಿದ್ದೀವಿ!"

ಗುಂಪು ಗೊಳ್ಳೆಂದು ನಕ್ಕಿತು. ಬಚ್ಚಪ್ಪ ಒಂದು ಕಣ್ಣು ತೆರೆದ. "ಅಂಗಾದ್ರೆ ನಂಗೇನಾಗದೆ?"

"ಒಟ್ಟೆ ಅಸ್ದದೆ. ಕೋಟಲ್ಲಿ ಬೆಂದೋಗಿದ್ದೀರ!"

ಎಂಟು ಇಡ್ಲಿ ಒಳಗೆ ಹೋದ ಮೇಲೆ ಬಚ್ಚಪ್ಪನಿಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಅವನನ್ನು ಹಿಡಿಯುವವರೇ ಇಲ್ಲ. ಬೆಟ್ಟದ ರೈಲಿನ ಡಬ್ಬಿಯ ಮುಂತುದಿಯಲ್ಲಿ ಗಾಳಿಗೆ ಮೈಯೊಡ್ಡಿ ನಿಂತು ಬ್ರೇಕು ಹಾಕುವ ಬಡಕಲು ಪೆರುಮಾಳನನ್ನು ಕರೆದು, "ತಗೊಳಪ್ಪ, ಈ ಪೀಡೆ ನಂಗೆ ಬ್ಯಾಡ," ಎಂದು ಕೋಟು, ಮಫ್ಲರು ಎರಡನ್ನೂ ಕೊಟ್ಟುಬಿಟ್ಟ.

ರೈಲು ಬೆಟ್ಟ ಹತ್ತಿತು. ಕೂನೂರಿನ ಹೊತ್ತಿಗೆ ಕಿಟಕಿಯಿಂದ ಮಂಜು ನುಗ್ಗಿತು. ಬಚ್ಚಪ್ಪ ಕೈಗಳನ್ನು ಕಂಕುಳಲ್ಲಿ ಸೇರಿಸಿದ. ಡಬ್ಬಿಯ ಮುಂತುದಿಯಲ್ಲಿ ಪೆರುಮಾಳ್ ಕೋಟಿನ ಒಂದು ಗುಂಡಿ ಹಾಕಿದ. ಇನ್ನೊಂದು ಸ್ಟೇಷನ್ನಿಗೆ ಇನ್ನೊಂದು ಗುಂಡಿ. ಊಟಿ ಬಂದಾಗ ಗುಂಡಿಗಳೆಲ್ಲ ಮುಗಿದು, ಮಫ್ಲರು ಕಿವಿ ಮುಚ್ಚಿತ್ತು.

"ನಲ್ಲಾ ಇರುಂಗ ಸಾಮಿ!" ಪೆರುಮಾಳ್ ಕಣ್ತುಂಬಿ ಕೈಮುಗಿದ. "ಅದಿನೈದು ವರ್ಸದ ಸರ್ವೀಸಲ್ಲಿ ನಾನು ನಡುಗ್ದೇ ಇದ್ದಿದ್ದು ಇವತ್ತೊಂದೇ ದಿನ."

ಹೀಗೆ ಹರಸಿದವನನ್ನು ಕೋಟು ವಾಪಸು ಕೇಳುವುದು ಹೇಗೆ? ಹಲ್ಲು ಕಟಕಟ ಎನ್ನುತ್ತಿದ್ದ ಬಚ್ಚಪ್ಪ ತಾನೂ ಕೈಮುಗಿದ.

ಕದಿರಮ್ಮ ಮೂರು ದಿನ ಕೆರೆ ಸುತ್ತಿದಳು. ಲಾಡ್ಜಿಗೆ ಬಂದು ಕಂಡದ್ದನ್ನೆಲ್ಲ ಹೇಳುತ್ತ ನಗುವಾಗ ಬಚ್ಚಪ್ಪನಿಗೂ ಸಂತೋಷವಾಗುತ್ತಿತ್ತು. ಅವನು ಕಂಬಳಿಯಿಂದ ಮೂಗು ಮಾತ್ರ ಹೊರಗಿಟ್ಟು ಕೇಳುತ್ತಿದ್ದ. ಪಕ್ಕದಲ್ಲಿ ಕುಳಿತ ಕೋದಂಡಪ್ಪ ಊರಿಗೆ ಕಾರ್ಡು ಬರೆಯುತ್ತಿದ್ದ:

"ಬಚ್ಚನ್ನ ಬೆಟ್ಟ ಇಡ್ಕೊಂಡದೆ. ನಾನು ಮೊದ್ಲೇ ಯೋಳಿದ್ದೆ."