ಬಸವನಿಗೊಂದು ಪಂಪು

ಕೋಣನಕುಂಟೆಯ ನನ್ನ ಶೆಡ್ಡಿನಲ್ಲಿ ಹಳೇ ಕ್ರೇನು, ಬುಲ್ಡೋಜರುಗಳ ಹೈಡ್ರಾಲಿಕ್ ರಿಪೇರಿ ಮಾಡುತ್ತೇನೆ. ದೊಡ್ಡ ಯಂತ್ರ ಕೆಟ್ಟು ನಿಂತ ಕಡೆ ಜನರ ಮಾತೂ ಒಂದಿಷ್ಟು ಕೆಡುತ್ತದೆ. ಈ ಕಸುಬಿನಲ್ಲಿ ಸ್ಪ್ಯಾನರ್‌ಗಿಂತ ಬಿಗಿಯಾಗಿ ಹಿಡಿಯಬೇಕಾದ್ದು ನಗುವನ್ನು. ಒಂದೇ ಒಂದು ಪಂಪು ಬದಲಾಯಿಸಲು ಹೋಗಿ ನಾನು ಪಟ್ಟ ಪಾಡು ಕೇಳಿ.

ಕತ್ತು ಇಳಿಸದ ಬಸವ

ಗುರುವಾರ ಸಂಜೆ ಗುರುತಿಲ್ಲದ ನಂಬರಿನಿಂದ ಫೋನು.

"ಸಾರ್, ನಮ್ಮ ಬಸ್ವ ಕತ್ತೆತ್ಕೊಂಡು ನಿಂತವ್ನೆ. ಇಳಿಸ್ತಾನೇ ಇಲ್ಲ."

"ಮೇವು ತಿಂತಾ ಇದೆಯಾ?" ಎಂದೆ.

"ಮೇವಾ? ಡೀಸೆಲ್ ಫುಲ್ ಐತೆ. ಸೊಂಟದ ಹತ್ರ ಕೊರಕೊರ ಅಂದ, ಆಮೇಲೆ ಅಲ್ಲಾಡ್ಲಿಲ್ಲ."

ಎತ್ತಿಗೆ ಡೀಸೆಲ್ ಕುಡಿಸಿದ್ದಾರೆಂದುಕೊಂಡೆ. "ಅಯ್ಯೋ ಪಾಪ, ಬೇಗ ದನದ ಡಾಕ್ಟರಿಗೆ ಫೋನ್ ಮಾಡ್ರೀ!" ಎಂದೆ.

ಆ ಕಡೆಯವರು ಕೇಳಿದರು: "ದನದ ಡಾಕ್ಟ್ರು ಹೈಡ್ರಾಲಿಕ್ ಪಂಪ್ ಹಾಕ್ತಾರಾ ಸಾರ್?"

ಎಣ್ಣೆ

ಬಸವ ಎಂದರೆ ಫೋನು ಮಾಡಿದ್ದ ಗೌಡರ ಕ್ರೇನು. ಹಿಂದೆ ಹೊಲ ಉಳುತ್ತಿದ್ದ ಗೌಡರು ಈಗ ಅದನ್ನು ಬಾಡಿಗೆಗೆ ಓಡಿಸುತ್ತಾರೆ. ಅಂದು ಅದು ಬನಶಂಕರಿಯ ಒಂದು ಮನೆಯ ಎರಡನೇ ಮಹಡಿಗೆ ತೇಗದ ಉಯ್ಯಾಲೆ ಏರಿಸಲು ಹೋಗಿ, ಉಯ್ಯಾಲೆಯನ್ನು ಗಾಳಿಯಲ್ಲಿ ನೇತುಹಾಕಿಕೊಂಡು ಗೇಟಿಗೆ ಅಡ್ಡ ನಿಂತುಬಿಟ್ಟಿತ್ತು. ಸ್ಟೇರಿಂಗೂ ಅದೇ ಪಂಪಿನಿಂದಲೇ ತಿರುಗಬೇಕು, ಹಾಗಾಗಿ ಪಕ್ಕಕ್ಕೆ ಸರಿಸುವಂತೆಯೂ ಇಲ್ಲ. ಮರುದಿನ ಶುಕ್ರವಾರ ಅದೇ ಮನೆಯ ಹುಡುಗಿಯ ನಿಶ್ಚಿತಾರ್ಥ.

ಬೆಳಿಗ್ಗೆ ಹಳೇ ಪಂಪು ಬಿಚ್ಚಿ, ಬೇರೆ ಪಂಪು ಕೂಡಿಸಿ, ಕ್ರೇನಿನ ಅಡಿಯಿಂದಲೇ ಕೂಗಿದೆ: "ಗೌಡ್ರೇ, ಎಣ್ಣೆ ತರ್ಸಿ! ಎಣ್ಣೆ ಬೀಳದೆ ಕೆಲಸ ಶುರು ಆಗಲ್ಲ!"

ಕಾಫಿ ತರುತ್ತಿದ್ದ ಹುಡುಗಿಯ ತಾಯಿ ನಿಂತಲ್ಲೇ ನಿಂತರು. ಬೆಂಗಳೂರಿನಲ್ಲಿ ಎಣ್ಣೆ ಎಂದರೆ ಯಾವುದೆಂದು ಹೇಳಬೇಕಾಗಿಲ್ಲವಲ್ಲ.

"ಬೆಳ್ಬೆಳಿಗ್ಗೆ ಎಣ್ಣೆನಾ? ನಮ್ಮನೇಲಿ ಶುಭಕಾರ್ಯ ಕಣಪ್ಪಾ!"

ಗೌಡರು ಸಮಾಧಾನ ಮಾಡಿದರು: "ಇವ್ರಿಗಲ್ಲಮ್ಮ, ನಮ್ಮ ಬಸ್ವಂಗೆ. ಅವ್ನು ಒಂದು ಡ್ರಮ್ ಕುಡುದ್ರೂ ತೂರಾಡಲ್ಲ."

ಆಕೆ ಸುತ್ತಮುತ್ತ ಕಣ್ಣಾಡಿಸಿ, ದನಿ ತಗ್ಗಿಸಿ ಹೇಳಿದರು: "ಕುಡೀಲಿ ಬಿಡಿ. ಆದ್ರೆ ಆ ಮನುಷ್ಯನ್ನ ಮಾತ್ರ ಹುಡುಗನ ಕಡೆಯವ್ರ ಕಣ್ಣಿಗೆ ಬೀಳಿಸ್ಬೇಡಿ."

ರಾಹುಕಾಲ

ಎಣ್ಣೆ ತುಂಬಿದ್ದಾಯಿತು, ಪೈಪು ಬಿಗಿದದ್ದಾಯಿತು. ಇನ್ನು ಕೀ ತಿರುಗಿಸಬೇಕು, ಆಗ ಗೌಡರು ವಾಚು ನೋಡಿದರು.

"ಶುಕ್ರವಾರ ಹತ್ತೂವರೆ ಆಯ್ತು, ರಾಹುಕಾಲ. ಹೊಸ ಪಂಪು. ಹನ್ನೆರಡರವರ್ಗೂ ಕೀ ಮುಟ್ಬೇಡಿ."

ಹುಡುಗಿಯ ತಾಯಿಗೆ ಅಳುವೇ ಬಂತು. "ಅವ್ರು ರಾಹುಕಾಲಕ್ಕೆ ಮುಂಚೆನೇ ತಲಘಟ್ಟಪುರ ಬಿಟ್ಟಿದಾರೆ, ಈಗ ಬಂದ್ಬಿಡ್ತಾರೆ. ಬೀಗರನ್ನ ಈ ಕ್ರೇನ್ ಕೆಳಗೆ ತೂರಿಸ್ಕೊಂಡು ಕರ್ಕೊಂಡ್ಹೋಗ್ಲಾ?"

ಆಕೆಯ ಪಾಡು ನೋಡಲಾರದೆ ಇದ್ದದ್ದು ಇದ್ದ ಹಾಗೆ ಹೇಳಿದೆ: "ಗೌಡ್ರೇ, ಮುಹೂರ್ತ ಎಲ್ಲಾ ಹೊಸದಕ್ಕೆ. ಈ ಮಾಡೆಲ್ ಪಂಪು ಈಗ ಬರಲ್ಲ. ಇದು ಬೇರೆ ಕ್ರೇನಿಂದು. ಅಲ್ಲಿ ಹೊಂದಲಿಲ್ಲ ಅಂತ ಬಿಚ್ಚಿಟ್ಟಿದ್ರು. ಇಲ್ಲಿಗೆ ಎರಡನೇ ಸಂಬಂಧ."

ಗೌಡರ ಪಿತ್ತ ನೆತ್ತಿಗೇರಿತು. ಇಡೀ ಬೀದಿಗೆ ಕೇಳುವ ಹಾಗೆ ಅಬ್ಬರಿಸಿದರು: "ಮೊದ್ಲೇ ಒಂದ್ಕಡೆ ಆಗಿ ಮುರುದಿರೋದ್ನ ಮುಚ್ಚಿಟ್ಟು ನಮ್ಗೆ ಗಂಟು ಹಾಕ್ತಿದ್ದೀರಾ?"

ಕ್ರೇನಿನ ಹಿಂದೆ ಕಾರಿನ ಬಾಗಿಲು ಮುಚ್ಚಿದ ಸದ್ದು. ಹಣ್ಣಿನ ತಟ್ಟೆ ಹಿಡಿದು ಹುಡುಗನ ಕಡೆಯವರು ನಿಂತಿದ್ದರು. ಹುಡುಗನ ಅಪ್ಪನ ಮುಖ ಕಪ್ಪಿಟ್ಟಿತ್ತು. ಅವರು ತಟ್ಟೆಯನ್ನು ಬಸವನ ಬಾನೆಟ್ ಮೇಲಿಟ್ಟು, ಹುಡುಗಿಯ ತಾಯಿಗೆ ಕೈಮುಗಿದರು.

"ಅಮ್ಮಾ, ಮುಚ್ಚಿಡೋ ಉದ್ದೇಶ ಇರ್ಲಿಲ್ಲ. ನಮ್ಮ ಹುಡುಗನಿಗೆ ಹಿಂದೆ ಆಗಿದ್ದು ಬರೀ ನಿಶ್ಚಿತಾರ್ಥ. ಮದುವೆ ಆಗಿರ್ಲಿಲ್ಲ!"

ಒಂದು ಪಂಪಿನಿಂದ ಒಂದು ಸಂಬಂಧವೇ ಮುರಿಯಿತಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಾಲ್ಕನಿಯಿಂದ ಹುಡುಗಿಯ ದನಿ: "ಅಮ್ಮಾ, ಅವ್ರು ನಂಗೆ ಯಾವತ್ತೋ ಹೇಳಿದಾರೆ. ಬೀಗರನ್ನ ಬಿಸಿಲಲ್ಲಿ ನಿಲ್ಲಿಸ್ಬೇಡ."

ತಾಯಿ ಬಾನೆಟ್ ಮೇಲಿನ ತಟ್ಟೆ ಎತ್ತಿಕೊಂಡರು. ಗೌಡರು ಮಾತ್ರ ಗಾಬರಿಯಿಂದ ನನ್ನ ತೋಳು ಜಗ್ಗಿದರು.

"ಸಾರ್, ಅವ್ರಿಗೂ ನೀವು ಹಳೇ ಪಂಪೇ ಹಾಕ್ಕೊಟ್ಟಿದ್ರಾ?"