ಹವಾಮಾನದ ಪಾಠವೂ ನನ್ನ ಹಳೇ ಕಾರೂ

ಮಾತಿಗೆ ಜನ ಸಿಗಲೆಂದು ಕೆಲಸ ಹಿಡಿದವನಿಗೆ ಇಂಥ ಪ್ರಸಂಗಗಳೇ ಗಂಟುಬೀಳುತ್ತವೆ. ನಿವೃತ್ತನಾದ ಮೇಲೆ ಉದಗೀರದ ಬಾಡಿಗೆ ಕೋಣೆಯಲ್ಲಿ ನಾನೊಬ್ಬನೇ. ಗಡಿಯ ಕನ್ನಡ ಶಾಲೆಗಳ ವಿಜ್ಞಾನ ಶಿಕ್ಷಕರ ಜೊತೆ ಕೂತು, ಹವಾಮಾನ ಬದಲಾವಣೆಯ ಪಾಠವನ್ನು ಅವರವರ ಊರಿಗೆ ಹೊಂದಿಸಿಕೊಡುವುದು ನನ್ನ ಕೆಲಸ. ಪಾಠ ನೆಪ; ಯಾರಾದರೂ ನಾಲ್ಕು ಮಾತಾಡಲಿ ಎಂಬುದೇ ಆಸೆ. ಆದರೆ ನನ್ನನ್ನು ಕಂಡ ಕೂಡಲೇ, ತಪಾಸಣೆಗೆ ಬಂದ ಸಾಹೇಬನೆಂದುಕೊಂಡು ಎಲ್ಲರ ಬಾಯಿ ಬಂದ್.

ಉಮರ್ಗಾ

"ಪುಸ್ತಕದಾಗಿನ ಹಿಮಕರಡಿ ಬಿಡ್ರಿ, ನಿಮ್ಮೂರ ತೊಗರಿ ಹೂವು ಯಾಕ ಉದರತಾವ ಅಂತ ಮಕ್ಕಳಿಗಿ ಕೇಳ್ರಿ. ನಾ ಸಾಹೇಬ ಅಲ್ಲ, ಗೆಳೆಯಾ. ಯಾವಾಗ ಬೇಕಾದ್ರೂ ಫೋನ್ ಮಾಡ್ರಿ," ಎಂದು ಅಲ್ಲಿನ ಶಿಕ್ಷಕರೊಬ್ಬರಿಗೆ ಹೇಳಿ ಬಂದಿದ್ದೆ. ಒಂದು ಸಂಜೆ ನಿಜವಾಗಿಯೂ ಫೋನ್ ಬಂತು. ಒಲೆಯ ಮೇಲಿನ ಅನ್ನ ಬಿಟ್ಟು ಓಡಿದೆ.

"ಸರ, ಮುಂದಿನ ಸಲ ಯಾವತ್ತ ಬರತೀರಿ?"

"ನೀವು ಹೇಳಿದ ದಿನಾ ಬರತೀನ್ರೀ!"

"ಹಂಗಲ್ರೀ ಸರ, ನೀವು ಬರೋ ದಿನಾ ನಾ ರಜಾ ಹಾಕಬೇಕಾಗಿತ್ತು, ಅದಕ್ಕ ಕೇಳಿದೆ."

ಅಷ್ಟರಲ್ಲಿ ಅನ್ನ ಸೀದುಹೋಗಿತ್ತು.

ನಿಲಂಗಾ

ಹಿಂದೆ ಚಳಿ ಹೇಗಿತ್ತೆಂದು ಮನೆಯ ಹಿರಿಯರನ್ನು ಕೇಳಿ ಬರಬೇಕು, ಇದು ನಾನೇ ಸೂಚಿಸಿದ ಹೋಮ್‌ವರ್ಕ್. ಒಬ್ಬ ಹುಡುಗಿ ಅಜ್ಜಿಯ ಮಾತನ್ನು ತರಗತಿಯಲ್ಲಿ ಹಾಗೇ ಒಪ್ಪಿಸಿದಳು: "ಆಗ ಕೌದಿ ಒಂದ, ಮಲಗೋ ಅಕ್ಕತಂಗೇರು ಐದು ಮಂದಿ. ಬೆಚ್ಚಗ ಇತ್ತು. ಈಗ ನಾ ಒಬ್ಬಾಕಿನೇ ಮಲಗತೀನಿ, ಥಂಡಿ ಭಾಳ ಆಗ್ಯಾದ."

ಶಿಕ್ಷಕಿ ನನ್ನ ಕಿವಿಯ ಹತ್ತಿರ ಬಂದರು. "ಪಾಠಕ್ಕ ಉಲ್ಟಾ ಆಯ್ತಲ್ರೀ ಸರ. ತಪ್ಪು ಹಾಕಲೇನ್ರೀ?"

"ಪೂರ್ತಿ ಮಾರ್ಕ್ಸ್ ಕೊಡ್ರಿ ಮೇಡಂ. ನನ್ನ ಕೋಣ್ಯಾಗೂ ಅಷ್ಟೇ ಥಂಡಿ ಅದ."

ವಲಾಂಡಿ

"ಪುಸ್ತಕದಾಗ ಗಾಜಿನ ಮನಿ ಅದ, ಬಿಸಲಿನ ಕಾವು ಒಳಗ ಸಿಕ್ಕಿಬೀಳತದಂತ. ನಾ ಗಾಜಿನ ಮನಿ ಎಲ್ಲಿಂದ ತರಲ್ರೀ?" ಎಂದರು ಅಲ್ಲಿನ ಶಾಲೆಯ ಗುರುಗಳು.

"ಊರಾಗ ಇದ್ದದ್ದರಾಗ ತೋರಸ್ರಿ," ಎಂದೆ. ಅವರ ಕಣ್ಣು ಬಿಸಿಲಲ್ಲಿ ನಿಂತ ನನ್ನ ಕಾರಿನ ಮೇಲೆ ಬಿತ್ತು.

"ಮಕ್ಕಳನ್ನ ಮಾತ್ರ ಒಳಗ ಕೂಡಸಬ್ಯಾಡ್ರಿ," ಎಂದು ಎಚ್ಚರಿಸಿದೆ.

"ಛೇ ಛೇ, ನೀವೇ ಕೂಡ್ರಿ."

ಕೂತು ಗಾಜು ಏರಿಸಿದೆ. ಇಡೀ ತರಗತಿ ಗಾಜಿಗೆ ಮೂಗು ಒತ್ತಿ ನಿಂತಿತು. ನನ್ನ ಬೆವರು ಇಳಿಯತೊಡಗಿದಾಗ ಗುರುಗಳು ಗಾಜು ಬಡಿದು ಕೂಗಿದರು: "ಹ್ಯಾಂಗ ಅದೀರಿ ಸರ?"

ಈ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಮಂಡಿನೋವು, ಸೀದ ಅನ್ನ, ಸಂಜೆಯಾದರೆ ಗೋಡೆ ನೋಡುತ್ತ ಕೂರುವುದು, ಎಲ್ಲವನ್ನೂ ಕೈ ಆಡಿಸಿ ಆಡಿಸಿ ಹೇಳಿಕೊಂಡೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮನಸ್ಸು ಹಗುರಾಗಿ ಬಾಗಿಲು ತೆರೆದೆ.

ಏರಿಸಿದ ಗಾಜು ದಾಟಿ ನನ್ನ ಒಂದು ಮಾತೂ ಹೊರಗೆ ಹೋಗಿರಲಿಲ್ಲ. ಗುರುಗಳು ಪಾಠ ಮುಗಿಸುತ್ತಿದ್ದರು:

"ನೋಡ್ರಿ ಮಕ್ಕಳ, ಕಾವು ಹೆಚ್ಚಾದ್ರ ಮನಷ್ಯಾ ಹಿಂಗ ಒಬ್ಬಾಂವನೇ ಬಡಬಡಸತಾನ."